ಆಡಿನ ಶ್ವಾಸನಾಳ, ಬದುವಿನ ಗುಳ್ಳ

ಗದಗ ಕಡೆಯ ನಮ್ಮ ಹೊಲದ ಬದುವಿನಲ್ಲಿ ನೆಲಗುಳ್ಳದ ಮುಳ್ಳು ಚುಚ್ಚಿಸಿಕೊಂಡೇ ಬೆಳೆದವನು ನಾನು. ಎಳೆಗಾಯಿಗೆ ಹಸಿರು ಮೈ, ಅದರ ಮೇಲೆ ಬಿಳಿ ಗೆರೆ. ಹಣ್ಣಾದರೆ ಅರಿಸಿನದ ಬಣ್ಣ. ಆಯುರ್ವೇದದವರು ಕಂಟಕಾರಿ ಎಂದು ಕರೆದು ಕೆಮ್ಮು, ದಮ್ಮಿಗೆ ಕೊಡುವುದು ಇದನ್ನೇ. ಎಂ.ಫಾರ್ಮ್ ಪ್ರಬಂಧಕ್ಕೆ ಇದರ ಹಣ್ಣನ್ನು ಆರಿಸಿಕೊಂಡೆ. ಖೆಲ್ಲಾ ಎಂಬ ಗಿಡದ ಹಣ್ಣಿನಲ್ಲಿರುವ ಖೆಲ್ಲಿನ್‌ನ ಬೆನ್ನು ಹತ್ತಿ, ಸ್ವತಃ ಅಸ್ತಮಾ ಇದ್ದ ವೈದ್ಯ ರೋಜರ್ ಆಲ್ಟೂನ್ಯಾನ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತ 1965ರಲ್ಲಿ ಕ್ರೋಮೋಗ್ಲೈಕೇಟ್ ಎಂಬ ಅಸ್ತಮಾ ಔಷಧ ಮುಟ್ಟಿದ್ದನ್ನು ಓದಿ ನನಗೂ ಹುರುಪು ಬಂದಿತ್ತು.

ಹಣ್ಣು ಒಣಗಿಸಿ, ಕುಟ್ಟಿ, ಆಲ್ಕೋಹಾಲಿನಲ್ಲಿ ಸಾರ ತೆಗೆಯುವುದು ಸುಲಭ. ಅದು ಶ್ವಾಸನಾಳದ ಬಿಗಿತವನ್ನು ತಗ್ಗಿಸುತ್ತದೆಯೇ ಎಂದು ನೋಡಲು ಆಡಿನ ಶ್ವಾಸನಾಳ ಬೇಕು. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿಯ ಮಟನ್ ಅಂಗಡಿಯ ಮುಂದೆ ಫ್ಲಾಸ್ಕ್ ಹಿಡಿದು ನಿಲ್ಲುತ್ತಿದ್ದೆ. ನಾಳವನ್ನು ಅದರ ಜೀವ ಉಳಿಸುವ, ತಣ್ಣನೆಯ ಕ್ರೆಬ್ಸ್ ಎಂಬ ಲವಣ ದ್ರಾವಣದಲ್ಲಿ ಮುಳುಗಿಸಿ, ಚಿಗರಿ ಬಸ್ ಹತ್ತಿ ಧಾರವಾಡಕ್ಕೆ. ಪಕ್ಕದ ಸೀಟಿನವರು ಫ್ಲಾಸ್ಕಿನಲ್ಲಿ ಚಹಾ ಇದೆ ಎಂದುಕೊಂಡಿದ್ದರೆ ಅದು ಅವರ ಪುಣ್ಯ.

ನಾಳವನ್ನು ಬಳೆಬಳೆಯಾಗಿ ಕತ್ತರಿಸಿ, ಐದು ಬಳೆಗಳನ್ನು ದಾರದಿಂದ ಸರಪಳಿಯಂತೆ ಕಟ್ಟಿ, 37 ಡಿಗ್ರಿಯ ದ್ರಾವಣದಲ್ಲಿ ತೂಗುಬಿಟ್ಟು 45 ನಿಮಿಷ ಕಾಯಬೇಕು. ಆಮೇಲೆ ನಾಳ ಬಿಗಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಟ್ಟರೆ ಸರಪಳಿ ಬಿಗಿಯುತ್ತದೆ. ಅದಕ್ಕೆ ಕಟ್ಟಿದ ಕಡ್ಡಿ ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗುಡ್ಡದಂಥ ಬಿಳಿ ಗೆರೆ ಕೊರೆಯುತ್ತದೆ. ಕೊರೆಯುವ ಹೊತ್ತಿಗೆ ನನ್ನ ಮೂಗಿಗೂ ಮಸಿ.

ಮೊದಲ ವಾರವೇ, ಸಾರ ಸೇರಿಸಿದಾಗ ಗುಡ್ಡ ಅರ್ಧಕ್ಕಿಳಿಯಿತು. ತಡೆಯಲಾಗದೆ ಮನೆಗೆ ಫೋನ್ ಮಾಡಿದೆ. ಗೈಡ್ ಕಾಗದ ನೋಡಿ ಕೇಳಿದ್ದು ಒಂದೇ ಮಾತು: "ಬರೀ ಆಲ್ಕೋಹಾಲ್ ಹಾಕಿ ನೋಡಿದೆಯಾ?"

ನೋಡಿರಲಿಲ್ಲ. ಸಾರ ನೀರಿನಲ್ಲಿ ಕರಗದೆಂದು ಆಲ್ಕೋಹಾಲಿನಲ್ಲೇ ಕರಗಿಸಿ ಹಾಕಿದ್ದೆ. ಬರೀ ಆಲ್ಕೋಹಾಲಿಗೂ ಗುಡ್ಡ ಕುಸಿಯಿತು. ಆ ದಿನ ಊಟ ಸೇರಲಿಲ್ಲ. ಆಲ್ಕೋಹಾಲನ್ನೆಲ್ಲ ಆವಿಯಾಗಿಸಿ, ಸಾರವನ್ನು ನೀರಿನಲ್ಲಿ ಕರಗದ್ದನ್ನು ಬೆರೆಯುವಂತೆ ಮಾಡುವ ಟ್ವೀನ್ 80 ಚೂರು ಹಾಕಿದ ನೀರಿನಲ್ಲಿ ಕಲಸಿ, ಆ ನೀರನ್ನಷ್ಟೇ ಬೇರೊಂದು ಸರಪಳಿಗೆ ಹಾಕಿ ಹೋಲಿಸುತ್ತ ಎಲ್ಲವನ್ನೂ ಮತ್ತೆ ಮಾಡಿದೆ. ಗುಣ ಉಳಿಯಿತು, ಆದರೆ ಸಣ್ಣದು. ಪ್ರಬಂಧದಲ್ಲಿ ಬರೆದದ್ದೂ ಆ ಸಣ್ಣದನ್ನೇ.

ಅಷ್ಟರಲ್ಲಿ ಮೊದಲ ಫೋನಿನ ಸುದ್ದಿ ಓಣಿ ದಾಟಿತ್ತು. ದಮ್ಮಿರುವ ಮಗನಿಗಾಗಿ ಪಕ್ಕದ ಮನೆಯ ಕಾಕು ಫೋನ್ ಮಾಡಿದರು. ಇನ್ಹೇಲರ್ ಅವರ ಬಾಯಲ್ಲಿ ಪಂಪು: "ತಮ್ಮಾ, ಪಂಪು ಒಮ್ಮೆ ಹಿಡಿದರೆ ಬಿಡುವುದಿಲ್ಲವಂತೆ. ನಿನ್ನ ಗುಳ್ಳದ ಔಷಧವನ್ನೇ ಕೊಡು."

"ಕಾಕೂ, ನಾನು ನೋಡಿದ್ದು ಕತ್ತರಿಸಿದ ಆಡಿನ ನಾಳ. ದಮ್ಮಿನಲ್ಲಿ ನಾಳ ಬಿಗಿಯುವುದಷ್ಟೇ ಅಲ್ಲ, ಒಳಗೆ ಬಾತುಕೊಂಡಿರುತ್ತದೆ. ಆ ಬಾವು ನನ್ನ ಡ್ರಮ್ಮಿಗೆ ಕಾಣುವುದೇ ಇಲ್ಲ. ಡಾಕ್ಟರು ದಿನಾ ಎಳೆಯಲು ಕೊಟ್ಟ ಪಂಪು ಇರುವುದು ಅದಕ್ಕೇ, ನಿಲ್ಲಿಸಬೇಡಿ" ಎಂದೆ. ಆಗಲಿ ಎಂದು ಅವರು ಫೋನ್ ಇಟ್ಟರು.

ಮರುವಾರ ಅವ್ವ ಮಾತಿನ ನಡುವೆ ಹೇಳಿದಳು, ಬದುವಿನ ಗುಳ್ಳದಲ್ಲಿ ಒಂದು ಹಣ್ಣೂ ಉಳಿದಿಲ್ಲವೆಂದು. ಆ ಸಂಜೆಯೇ ಬಸ್ ಹತ್ತಿ ಊರಿಗೆ ಹೋದೆ.