ಚಪ್ಪಲಿ ಕಡಿಯುವ ಮರಿ, ರಾತ್ರಿ ಮಲಗುವ ಜಾಗ

ಸುಮಾರು 4ರಿಂದ 7 ತಿಂಗಳೊಳಗೆ ನಾಯಿಮರಿಯ 28 ಹಾಲುಹಲ್ಲು ಉದುರಿ 42 ಹಲ್ಲು ಬರುತ್ತವೆ. ಒಸಡು ನೋಯುವುದರಿಂದ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಅದು ತಂಟೆಯಲ್ಲ, ದಯವಿಟ್ಟು ಹೊಡೆಯಬೇಡಿ.

ಹಳೇ ಟವೆಲ್ ನೆನೆಸಿ, ಹುರಿಯಂತೆ ತಿರುಚಿ, ಗಂಟು ಹಾಕಿ 2 ಗಂಟೆ ಫ್ರೀಜರಿನಲ್ಲಿಟ್ಟು ಕೊಡಿ. ಪಕ್ಕದಲ್ಲೇ ಕೂತಿರಿ. ಎಳೆ ಬಿಚ್ಚಿಕೊಂಡರೆ ತಕ್ಷಣ ತೆಗೆದುಬಿಡಿ. ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಟಿಕೆಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಗುರುತು ಬೀಳದಷ್ಟು ಗಟ್ಟಿಯಿದ್ದರೆ ಹಲ್ಲು ಮುರಿಯಬಹುದು. ಬೇಯಿಸಿದ ಕೋಳಿಮೂಳೆ ಬೇಡವೇ ಬೇಡ, ಸೀಳಿ ಚುಚ್ಚುತ್ತದೆ. ಹಳೇ ಚಪ್ಪಲಿ ಕೊಡುವುದೇ ದೊಡ್ಡ ತಪ್ಪು: ಹಳತು ಹೊಸತು ಅದಕ್ಕೆ ಹೇಗೆ ಗೊತ್ತಾಗಬೇಕು? ಬಾಯಲ್ಲಿ ಕಚ್ಚಿಕೊಂಡಿದ್ದನ್ನು ಕಿತ್ತುಕೊಳ್ಳಬೇಡಿ, ತಿಂಡಿ ತೋರಿಸಿ ಬಿಡಿಸಿ.

ರಾತ್ರಿ ಮೊದಲ ಎರಡು ವಾರ ಅದರ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ತಾಯಿ ಬಿಟ್ಟು ಬಂದ ಮರಿಯನ್ನು ವರಾಂಡದಲ್ಲಿ ಒಂಟಿಯಾಗಿ ಕಟ್ಟಿದರೆ ಊಳಿಡುತ್ತದೆ, ಹಗ್ಗವನ್ನೂ ಕಡಿಯುತ್ತದೆ. ಚಾರ್ಜರ್ ವೈರುಗಳನ್ನು ಕಳಚಿ ಎತ್ತರದಲ್ಲಿಡಿ. ಮಲಗುವ ಮುನ್ನ ಉಚ್ಚೆಗೆ ಹೊರಗೆ ಕರೆದೊಯ್ಯಿರಿ. 3 ತಿಂಗಳ ಮರಿ 3–4 ಗಂಟೆಗಿಂತ ಹೆಚ್ಚು ತಡೆಯುವುದು ಕಷ್ಟ. ನಡುರಾತ್ರಿ ಇನ್ನೊಮ್ಮೆ ಏಳಲೇಬೇಕು. ಆಗ ಮಾತು, ಆಟ ಬೇಡ. ಮರಿ ನೆಮ್ಮದಿಯಾಗಿ ಮಲಗತೊಡಗಿದ ಮೇಲೆ ಹಾಸಿಗೆಯನ್ನು ಎರಡು ದಿನಕ್ಕೊಮ್ಮೆ 2 ಅಡಿ ಬಾಗಿಲ ಕಡೆ ಸರಿಸುತ್ತ ಹೋಗಿ.