ಮಂಗಳವಾರದ ಓಟ ನೋಡಿ ಹೇಳ್ತೀನಿ

ಧಾರವಾಡದಿಂದ ಹುಬ್ಬಳ್ಳಿಗೆ ಓಡಿ ಹೋಗಿ ಚಿಗರಿ ಬಸ್ಸಿನಲ್ಲಿ ವಾಪಸ್ ಬರುವುದು ನಮ್ಮ ಗುಂಪಿನ ಹಳೆಯ ರೂಢಿ. ಅಂತರ ಹೆಚ್ಚುಕಡಿಮೆ ಒಂದು ಹಾಫ್ ಮ್ಯಾರಥಾನಿನಷ್ಟು. ಮೊದಲ ಸಲ ಹಾಗೆ ಓಡಿದವರು ಬಸ್ಸಿನ ಎ.ಸಿ. ತಂಪಿಗೆ ಬೆನ್ನು ಆನಿಸಿ, ಉಣಕಲ್ ದಾಟುವುದರೊಳಗೆ ಕೇಳುವ ಮಾತು ಒಂದೇ: "ಇನ್ನ ಫುಲ್ ಮಾಡಬಹುದಲ್ರಿ?" ಹೋಗುವಾಗ ಒಟ್ಟಾರೆ ಇಳಿಜಾರಿತ್ತು, ಈಗ ಏರನ್ನು ಬಸ್ಸು ಹತ್ತುತ್ತಿದೆ ಎಂಬುದು ಆ ಹೊತ್ತಿಗೆ ಯಾರ ತಲೆಯಲ್ಲೂ ಇರುವುದಿಲ್ಲ. ಫುಲ್ ಅಂದರೆ 42.195 ಕಿ.ಮೀ., ಅಂದರೆ ಬಸ್ ಹತ್ತದೆ ತಿರುಗಿ ಓಡಿಕೊಂಡು ಬರುವುದು.

ನಾನು ಕೋಚ್ ಅಲ್ಲ. ರೈಲ್ವೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ, ಅದಕ್ಕೇ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ. ಇನ್ನೊಂದು ಕಾರಣವೂ ಇದೆ: ತಯಾರಿಲ್ಲದೆ ಫುಲ್ ಓಡಿದರೆ ಏನಾಗುತ್ತದೆ ಎಂಬುದು ನನ್ನ ಮೈಗೆ ಗೊತ್ತು. 2014ರಲ್ಲಿ ಮುಂಬೈಗೆ ಹೋದಾಗ ನನ್ನ ಅತಿ ಉದ್ದದ ಓಟ 24 ಕಿ.ಮೀ., ಅದೂ ಎರಡೇ ಸಲ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಬರುವ ಪೆಡ್ಡರ್ ರೋಡಿನ ಏರಿನಲ್ಲಿ ಎರಡೂ ಮೀನಖಂಡ ಗಂಟು ಹಾಕಿದಂತೆ ಹಿಡಿದುಕೊಂಡವು. ಮುಗಿಸಿದೆ, ನಿಜ. ಆದರೆ ಎಂಟು ದಿನ ಮನೆಯ ಮೆಟ್ಟಿಲನ್ನು ಹಿಂದೆ ಮುಂದಾಗಿ ಇಳಿದೆ, ಮೂರು ತಿಂಗಳು ಮೊಣಕಾಲು ಓಡಗೊಡಲಿಲ್ಲ.

2024ರ ಆಗಸ್ಟಿನಲ್ಲಿ ಇಬ್ಬರು ಒಂದೇ ವಾರ ಕೇಳಿದರು. ಒಬ್ಬರು ಹೈಸ್ಕೂಲಿನ ಗಣಿತದ ಮಾಸ್ತರು, ಮೂವತ್ನಾಲ್ಕು ವಯಸ್ಸು, ಹಾಫ್ ಓಡಿದ್ದು 2 ಗಂಟೆ 8 ನಿಮಿಷದಲ್ಲಿ. ಇನ್ನೊಬ್ಬರು ಬ್ಯಾಂಕಿನ ಅಕ್ಕಾರು, ನಲವತ್ತೆಂಟು, ಅವರ ಹಾಫ್ 2 ಗಂಟೆ 38 ನಿಮಿಷ. ಇಬ್ಬರಿಗೂ ಜನವರಿ 19ರ ಮುಂಬೈ ಮ್ಯಾರಥಾನ್ ಬೇಕು. ಮಾಸ್ತರು ಈಗಲೇ ಓಡಲಿ ಅನ್ನುವುದೂ, ಅಕ್ಕಾರು ಇನ್ನೊಂದು ವರ್ಷ ತಾಳಲಿ ಅನ್ನುವುದೂ ನನ್ನ ಮನಸ್ಸಿಗೆ ಬಂದ ಮೊದಲ ತೀರ್ಪು.

ಮಾಸ್ತರು ಬರಿಗೈಲಿ ಬರುವವರಲ್ಲ. ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದ ಹೊರಗೆ ಚಹಾ ಕುಡಿಯುತ್ತ ಮೊಬೈಲ್ ಮುಂದೆ ಹಿಡಿದರು. ಪೀಟರ್ ರೀಗಲ್ ಎಂಬ ಅಮೆರಿಕದ ಇಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರ: ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಿ, ಅದಕ್ಕೆ 1.06 ಘಾತ ಕೊಟ್ಟು, ಹಳೆಯ ಟೈಮಿಂಗಿನಿಂದ ಗುಣಿಸಬೇಕು. ದೂರ ಎರಡು ಪಟ್ಟಾದರೆ ಸಮಯ ಸುಮಾರು 2.085 ಪಟ್ಟು. "ನಾಕು ತಾಸು ಇಪ್ಪತ್ತೇಳು ನಿಮಿಷ ಬರತೈತಿ ನೋಡ್ರಿ ಕಾಕಾ. ಲೆಕ್ಕ ಬರೋಬ್ಬರಿ ಐತಿ."

ಲೆಕ್ಕ ಬರೋಬ್ಬರಿಯೇ. ಆದರೆ ಎರಡೂ ದೂರಕ್ಕೆ ತಕ್ಕ ತಾಲೀಮು ಆಗಿದೆ ಎಂದು ಹಿಡಿದುಕೊಂಡು ಹೊರಡುವ ಲೆಕ್ಕ ಅದು. ತಾಲೀಮು ಆಗಿದೆಯೋ ಇಲ್ಲವೋ ಎಂಬುದೇ ನಾವು ನೋಡಬೇಕಾದ್ದು. ನಾನು ಡೈರಿ ಕೇಳಿದೆ.

ಗುಮಾಸ್ತಿಕೆಯ ಚಟ, ಏನು ಮಾಡುವುದು. ಯಾರೇ ಕೇಳಲಿ, ಹಿಂದಿನ ಹನ್ನೆರಡು ವಾರದ ಓಟ ಬರೆದುಕೊಂಡು ಬರಲು ಹೇಳುತ್ತೇನೆ. ಅತಿ ಉದ್ದದ ಓಟ ಎಷ್ಟು ಎಂಬುದನ್ನು ಕೊನೆಗೆ ನೋಡುತ್ತೇನೆ. ವಾರಕ್ಕೆ ನಾಲ್ಕು ದಿನ, 35-40 ಕಿ.ಮೀ., ಬೇಸರದ ಸಾದಾ ಓಟ, ಎರಡು ಮೂರು ತಿಂಗಳು ತಪ್ಪದೆ ಆಗಿದೆಯೇ? ಅದು ಅಡಿಪಾಯ. ಅದರ ಮೇಲೆ ಹದಿನಾರು ಹದಿನೆಂಟು ವಾರದ ಮ್ಯಾರಥಾನ್ ತಯಾರಿ. ಮಾಸ್ತರ ಪುಟದಲ್ಲಿ ಒಂದು ವಾರ 52, ಮುಂದಿನ ವಾರ 11, ಆಮೇಲೆ 44, ಆಮೇಲೆ ಸೊನ್ನೆ. ಅಕ್ಕಾರ ಪುಟ ಓದಲು ಬೇಸರ: 34, 36, 33, 36, 37. ಪ್ರತಿ ವಾರ ಅದೇ ನಾಲ್ಕು ದಿನ. ಅವರು ಐದು ವರ್ಷದಿಂದ ದಿನಾ ಸಾಧನಕೇರಿ ಸುತ್ತ ನಡೆಯುತ್ತಿದ್ದವರು, ಓಟ ಆಮೇಲೆ ಬಂದದ್ದು. ತಾಯಿಗೆ ಸಕ್ಕರೆ ಕಾಯಿಲೆ, ತಂದೆಗೆ ಹೃದಯದ ತೊಂದರೆ ಇದ್ದದ್ದರಿಂದ, ನಾನು ಹೇಳುವ ಮೊದಲೇ ಡಾಕ್ಟರರಿಗೆ ತೋರಿಸಿ ಬಂದಿದ್ದರು.

ಆಗಲೂ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಡಿಸೆಂಬರದಾಗ ಹೇಳ್ತೀನಿ, ಮಂಗಳವಾರದ ಓಟ ನೋಡಿ" ಅಂದೆ.

ಈ ಮಂಗಳವಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರವಿವಾರದ ಲಾಂಗ್ ರನ್ ಹುರುಪಿನಿಂದಲೂ ಆಗುತ್ತದೆ. ಗೆಳೆಯರಿರುತ್ತಾರೆ, ಕೆಲಗೇರಿ ಕೆರೆಯ ಮೇಲೆ ತಂಪು ಗಾಳಿ ಇರುತ್ತದೆ, ಓಟದ ನಂತರದ ಅವಲಕ್ಕಿಯ ಆಸೆ ಇರುತ್ತದೆ. 26 ಕಿ.ಮೀ. ಹೇಗೋ ಎಳೆದು ಮುಗಿಸಬಹುದು. ಆದರೆ ಸೋಮವಾರ ಬಿಟ್ಟು ಮಂಗಳವಾರ ಒಬ್ಬರೇ ಎದ್ದು 7 ಕಿ.ಮೀ. ಓಡಬೇಕಾದಾಗ ಮೈ ಸುಳ್ಳು ಹೇಳುವುದಿಲ್ಲ. ಎಂದಿನ ಪೇಸು (ಓಟದ ವೇಗ), ಎಂದಿನ ಉಸಿರು, ಹೆಜ್ಜೆಯಲ್ಲಿ ಓರೆಯಿಲ್ಲ ಅಂದರೆ ರವಿವಾರದ ದೂರವನ್ನು ದೇಹ ಜೀರ್ಣಿಸಿಕೊಂಡಿದೆ. ಅದೇ ಪೇಸಿಗೆ ಎದೆಬಡಿತ ನಿಮಿಷಕ್ಕೆ ಹತ್ತು ಹನ್ನೆರಡು ಹೆಚ್ಚಿದ್ದರೆ, ಅಥವಾ ಓಟವೇ ತಪ್ಪಿದ್ದರೆ, ಆ ದೂರ ಇನ್ನೂ ಸಾಲದಲ್ಲಿದೆ. ಒಂದು ವಾರ ಹೀಗಾದರೆ ಏನಿಲ್ಲ. ಮೇಲಿಂದ ಮೇಲೆ ಆದರೆ ನಾನು ಬೇಡ ಎನ್ನುತ್ತೇನೆ.

ರವಿವಾರವೂ ಒಂದು ಪರೀಕ್ಷೆ ಇಟ್ಟಿದ್ದೆ. ಹಗುರ ಓಟದಲ್ಲಿ ಪೂರ್ತಿ ವಾಕ್ಯ ಮಾತಾಡಲು ಬರಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಮಾಸ್ತರಿಗೆ ನಾನು ಹದಿನೇಳರ ಮಗ್ಗಿ ಹೇಳಲು ಹಚ್ಚಿದೆ, ಅಳ್ನಾವರ ದಿಕ್ಕಿನ ರಸ್ತೆಯಲ್ಲಿ, ಇಪ್ಪತ್ನಾಲ್ಕನೇ ಕಿಲೋಮೀಟರಿನಲ್ಲಿ. ಉಸಿರೇನೋ ಹಿಡಿಯಲಿಲ್ಲ. "ಹದಿನೇಳ ಎಂಟ್ಲೆ ನೂರಾ ಇಪ್ಪತ್ತಾರು" ಅಂದರು. ವರ್ಷಗಟ್ಟಲೆ ಮಕ್ಕಳಿಗೆ ಮಗ್ಗಿ ಕಲಿಸಿದವರು! ಕೇಳಿದರೆ, ಬೆಳಗಿನಿಂದ ಒಂದು ಲೋಟ ಚಹಾ ಬಿಟ್ಟು ಹೊಟ್ಟೆಗೆ ಏನೂ ಹಾಕಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಬಹಳ ಜನಕ್ಕೆ 30 ಕಿ.ಮೀ. ಆಸುಪಾಸಿನಲ್ಲಿ ತಳ ಕಾಣುತ್ತದೆ, ದಾರಿಯಲ್ಲಿ ತಿನ್ನದವರಿಗೆ ಇನ್ನೂ ಮೊದಲೇ. ಅಂದಿನಿಂದ ಪ್ರತಿ ನಲವತ್ತು ನಿಮಿಷಕ್ಕೆ ಏನಾದರೂ ತಿನ್ನುವುದು ಕಡ್ಡಾಯವಾಯಿತು. ಖರ್ಜೂರ, ಬಾಳೆಹಣ್ಣು ಇಬ್ಬರಿಗೂ ಒಗ್ಗಿದವು. ಕರದಂಟು ತಂದವರೂ ಮಾಸ್ತರೇ; ಇಪ್ಪತ್ತನೇ ಕಿ.ಮೀ.ಗೆ ಹೊಟ್ಟೆ ಕಲ್ಲಾಯಿತು. ಅಂಟು, ತುಪ್ಪ, ಒಣಹಣ್ಣು ಎಲ್ಲ ಸೇರಿದ ಪದಾರ್ಥ, ಓಟ ಮುಗಿದ ಮೇಲೆ ತಿನ್ನಲಿ.

ನೀರಿನ ಬಗ್ಗೆ ನನಗೆ ಹೆಚ್ಚು ಹೆದರಿಕೆ. ನಮ್ಮ ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲೆ, ಚಳಿಗಾಲದ ಬೆಳಗು ಒಣ ಹವೆ. ಮುಂಬೈಯಲ್ಲಿ ಬೆವರು ಆರುವುದೇ ಇಲ್ಲ. ನವೆಂಬರಿನಲ್ಲಿ ಅಕ್ಕಾರ ತಂಗಿಯ ಮನೆ ಅಂಕೋಲೆಗೆ ಎಲ್ಲರೂ ಹೋಗಿ 18 ಕಿ.ಮೀ. ಓಡಿದೆವು. ಇಲ್ಲಿನ ಅದೇ ಶ್ರಮಕ್ಕೆ ಅಲ್ಲಿ ಕಿಲೋಮೀಟರಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯಿತು. ಓಟದ ಮೊದಲು, ಆಮೇಲೆ ತೂಕ ನೋಡಿಕೊಂಡರೆ ಯಾರು ಎಷ್ಟು ಬೆವರುತ್ತಾರೆಂದು ತಿಳಿಯುತ್ತದೆ. ಭಯದಿಂದ ಬರಿ ನೀರನ್ನೇ ಸುರಿದುಕೊಳ್ಳುವುದೂ ಅಪಾಯ, ರಕ್ತದ ಸೋಡಿಯಂ ತೆಳುವಾಗಿ ಮನುಷ್ಯ ತಲೆ ತಿರುಗಿ ಬೀಳಬಹುದು. ತೂಕ ಹೊರಟಾಗಿನದಕ್ಕಿಂತ ಹೆಚ್ಚಾಗಿ ಬಂದರೆ ಕುಡಿದದ್ದು ಅತಿಯಾಯಿತು ಎಂದೇ ಅರ್ಥ.

"32 ಓಡಲೇಬೇಕಲ್ರಿ ಅಣ್ಣಾರ?" ಎಂದು ಅಕ್ಕಾರು ಮೇಲಿಂದ ಮೇಲೆ ಕೇಳುತ್ತಿದ್ದರು. ಅವರ ಲಾಂಗ್ ರನ್ ಪೇಸಿಗೆ 32 ಎಂದರೆ ನಾಲ್ಕು ತಾಸು ಮೀರುತ್ತದೆ. ಅಷ್ಟು ಹೊತ್ತು ನೆಲ ಬಡಿದು ಬರುವ ಲಾಭಕ್ಕಿಂತ ಸವಕಳಿಯೇ ಹೆಚ್ಚು. ಅವರಿಗೆ 28ಕ್ಕೆ ನಿಲ್ಲಿಸಿ, ಹಿಂದಿನ ದಿನ ಶನಿವಾರ 10 ಸೇರಿಸಿದೆ. ಆಯಾಸದ ಕಾಲಿನ ಮೇಲೆ ಓಡುವ ಅಭ್ಯಾಸ ಅದರಿಂದಲೇ ಆಯಿತು. ಮಾಸ್ತರಿಗೆ 30, ಎರಡು ಸಲ, ನಡುವೆ ಮೂರು ವಾರ ಬಿಟ್ಟು.

ಅಷ್ಟರಲ್ಲಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ಸ್ಪೆಷಲ್ ಕ್ಲಾಸ್ ಶುರುವಾದವು. ಗಣಿತ ಅಂದರೆ ಮೊದಲ ಪಾಳಿ. ಮಾಸ್ತರು ನಾಲ್ಕಕ್ಕೇ ಏಳತೊಡಗಿದರು, ರಾತ್ರಿ ಪೇಪರ್ ತಿದ್ದುವುದು ಹನ್ನೊಂದಾದರೂ ಮುಗಿಯದು. ಡಿಸೆಂಬರಿನ ಎರಡನೇ 30 ಕಿ.ಮೀ. ಆದ ಮಂಗಳವಾರ ಅವರು ಬರಲಿಲ್ಲ. ಗುರುವಾರ ಬಂದಾಗ ಎಡ ಹಿಮ್ಮಡಿಯ ಮೇಲೆ ನೋವು ಅಂದರು. ಎಲ್ಲಿ ತೋರಿಸಿ ಅಂದೆ. ಅಂಗೈ ಸವರಿ ತೋರಿಸುವ ನೋವು ಸಾಮಾನ್ಯವಾಗಿ ದಣಿವಿನದು. ಅವರು ಒಂದೇ ಬೆರಳಿಟ್ಟು ತೋರಿಸಿದರು, ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿನ ಮೇಲೆ. ಹಾಗೆ ಬೆರಳು ಇಡುವವರನ್ನು ನಾನು ಓಡಲು ಬಿಡುವುದಿಲ್ಲ.

"ಈ ಸಲ ಬ್ಯಾಡ್ರಿ ಮಾಸ್ತರ" ಅಂದೆ. ಅಕ್ಕಾರಿಗೆ ಹೋಗಿ ಬನ್ನಿ ಅಂದೆ, ಅವರು ಹದಿನಾರು ಮಂಗಳವಾರಗಳಲ್ಲಿ ತಪ್ಪಿಸಿದ್ದು ಒಂದು, ಅದೂ ದೀಪಾವಳಿಗೆ. ಮಾಸ್ತರು ಚಹಾ ಅರ್ಧಕ್ಕೇ ಇಟ್ಟು ಎದ್ದು ಹೋದರು. ಎರಡು ತಾಸು ಮೂವತ್ತೆಂಟರವರಿಗೆ ಹೂಂ, ಎರಡು ತಾಸು ಎಂಟರವರಿಗೆ ಉಹೂಂ ಎಂದರೆ ಯಾರಿಗಾದರೂ ಸಿಟ್ಟು ಬರುವುದೇ.

ಅಕ್ಕಾರು ಸಂಕ್ರಾಂತಿಯ ಮಾದಲಿ ಹಿತಮಿತವಾಗಿ ಉಂಡು ಮುಂಬೈಗೆ ಹೋದರು. ಪೆಡ್ಡರ್ ರೋಡನ್ನು ಮೊದಲೇ ಮಾತಾಡಿಕೊಂಡಂತೆ ನಡೆದು ಹತ್ತಿ, 5 ಗಂಟೆ 41 ನಿಮಿಷಕ್ಕೆ ಮುಗಿಸಿದರು. ರೀಗಲ್ ಸೂತ್ರ ಅವರಿಗೆ ಕೊಟ್ಟದ್ದು 5:29. ಬುಧವಾರ ಬ್ಯಾಂಕಿಗೆ ಹೋಗಿದ್ದರು.

ಅದೇ ಓಟದಲ್ಲಿ ಮಾಸ್ತರೂ ಇದ್ದರು. ನನಗೆ ಹೇಳದೆ ಹೋಗಿದ್ದರು. 5 ಗಂಟೆ 21 ನಿಮಿಷ, ಕೊನೆಯ ಹನ್ನೆರಡು ಕಿ.ಮೀ. ಬಹುತೇಕ ನಡಿಗೆ. ಮುಂದಿನ ರವಿವಾರ ಮೆಡಲು ಹಾಕಿಕೊಂಡು ಪೇಡೆ ಹಂಚಿದರು, ನನಗೆ ಎರಡು ಕೊಟ್ಟರು. "ನೀವು ಬ್ಯಾಡ ಅಂದಿದ್ರಿ, ಆದ್ರ ಮುಗಿಸಿದೆ ನೋಡ್ರಿ." ಎಲ್ಲರೂ ನನ್ನ ಮುಖ ನೋಡಿದರು. ನಾನೂ ಪೇಡೆ ತಿಂದೆ, ಮತ್ತೇನು ಮಾಡಲಿ. ಅವರು ಮತ್ತೆ ಓಡಿದ್ದು ಯುಗಾದಿ ಕಳೆದು ಎರಡು ತಿಂಗಳಾದ ಮೇಲೆ, ಫಿಜಿಯೋಥೆರಪಿ ಮುಗಿಸಿಕೊಂಡು. ಓಡುವುದೇ ತಪ್ಪಾಗಿತ್ತು ಎಂದು ಅವರು ಇವತ್ತಿಗೂ ಒಪ್ಪುವುದಿಲ್ಲ. ನಾನೂ ಒಪ್ಪಿಸಲು ಹೋಗಿಲ್ಲ. 2014ರ ನನ್ನ ಮೆಡಲು ಇವತ್ತಿಗೂ ಗೋಡೆಯ ಮೇಲಿದೆ.

ಈಗ ಮತ್ತೆ ಫುಲ್ ಅನ್ನುತ್ತಿದ್ದಾರೆ. ಮೊನ್ನೆ ನಾನು ಕೇಳುವ ಮೊದಲೇ ಹನ್ನೆರಡು ವಾರದ ಹಾಳೆ ಮುಂದಿಟ್ಟರು, ಮಂಗಳವಾರಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದು. ಹನ್ನೆರಡಕ್ಕೆ ಹನ್ನೊಂದು. ಚೆನ್ನಾಗಿತ್ತು. ನಾನು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಒಂದೇ ಕೇಳಿದೆ:

"ಡಿಸೆಂಬರದಾಗ ಸ್ಪೆಷಲ್ ಕ್ಲಾಸ್ ಈ ಸಲ ಯಾರಿಗೆ ಹಾಕ್ಯಾರ್ರಿ?"