ಆಂಗಲ್ ಗ್ರೈಂಡರ್: ಸ್ವಿಚ್ ಒತ್ತುವ ಮೊದಲು ನಾನು ನೋಡುವುದೇನು

ಲೋಹ ಕತ್ತರಿಸುವ, ಉಜ್ಜುವ ಈ ಗ್ರೈಂಡರ್ ಕೈಗೆತ್ತಿಕೊಂಡರೆ ನನ್ನ ಕಣ್ಣು ಮೊದಲು ಹೋಗುವುದು ಡಿಸ್ಕಿನ ಮೇಲಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕಡೆಗೆ, ಆಮೇಲೆ ಮೆಷಿನ್ನಿನ ನೇಮ್‌ಪ್ಲೇಟಿಗೆ. ಡಿಸ್ಕಿನ ಅಂಕಿ ಮೆಷಿನ್ನಿನ ಅಂಕಿಗಿಂತ ಕಡಿಮೆ ಇರಲೇಬಾರದು. ಸಾಮಾನ್ಯ ರೆಸಿನ್ ಡಿಸ್ಕಿನ (ಉಜ್ಜುವ ಹರಳನ್ನು ರೆಸಿನ್ ಅಂಟಿನಲ್ಲಿ ಕೂಡಿಸಿ ಮಾಡಿದ್ದು) ಅಂಚಿಗೆ ಸೆಕೆಂಡಿಗೆ 80 ಮೀಟರ್ ಮಿತಿ, ಅಂದರೆ ಗಂಟೆಗೆ 288 ಕಿಲೋಮೀಟರ್. ಆ ಲೆಕ್ಕದಲ್ಲಿ 100 ಮಿ.ಮೀ. ಡಿಸ್ಕಿಗೆ 15,300 ಆರ್‌ಪಿಎಂ, 125ಕ್ಕೆ 12,200, 180ಕ್ಕೆ 8,500, 230ಕ್ಕೆ 6,600.

ಆಳ ಸಾಲುತ್ತಿಲ್ಲವೆಂದು 125ರ ಮೆಷಿನ್ನಿನ ಗಾರ್ಡ್ ಬಿಚ್ಚಿ 180ರ ಡಿಸ್ಕ್ ಹಾಕುವವರು ಬೇಕಾದಷ್ಟು ಜನ. ಎರಡರ ತೂತೂ 22.23 ಮಿ.ಮೀ. ಆದ್ದರಿಂದ ಸಲೀಸಾಗಿ ಕೂರುತ್ತದೆ, ತೊಂದರೆ ಇರುವುದೇ ಅಲ್ಲಿ. ಸಣ್ಣ ಮೆಷಿನ್ನಿನ 11,000 ಆರ್‌ಪಿಎಂನಲ್ಲಿ ಆ ದೊಡ್ಡ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 104 ಮೀಟರ್ ಓಡುತ್ತದೆ. ಡಿಸ್ಕನ್ನು ಸೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ಮಿತಿಯ 1.7 ಪಟ್ಟಿನ ಹತ್ತಿರ ಹೋಗುತ್ತದೆ. ಸಿಡಿದರೆ ತಡೆಯಬೇಕಾದ ಗಾರ್ಡ್ ಆಗಲೇ ಮೂಲೆಯಲ್ಲಿ ಬಿದ್ದಿರುತ್ತದೆ. ಸವೆದು ಚಿಕ್ಕದಾದ ದೊಡ್ಡ ಡಿಸ್ಕನ್ನು ಸಣ್ಣ ಮೆಷಿನ್ನಿಗೆ ಹಾಕಿ ಮುಗಿಸುವುದೂ ಇದೇ ಜಾತಿಯ ಕೆಲಸ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನಂತೂ ನಾನು ಗ್ರೈಂಡರ್ ಹತ್ತಿರವೂ ಇಡುವುದಿಲ್ಲ. ಹಲ್ಲು ಕಚ್ಚಿದ ಕ್ಷಣ ಮೆಷಿನ್ ಮೈಮೇಲೆ ಬರುತ್ತದೆ.

ಡಿಸ್ಕಿನ ನಡುವಿನ ಲೋಹದ ಬಳೆಯಲ್ಲಿ ತಿಂಗಳು, ವರ್ಷ ಕೊರೆದಿರುತ್ತದೆ. ಅದು ಅವಧಿ ಮುಗಿಯುವ ದಿನಾಂಕ. ತೇವಕ್ಕೆ ಸಿಕ್ಕರೆ ರೆಸಿನ್ನಿನ ಹಿಡಿತ ಸಡಿಲವಾಗುತ್ತದೆ, ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಡಿಸ್ಕುಗಳನ್ನು ಒಣ ಜಾಗದಲ್ಲಿ ಮಟ್ಟಸವಾಗಿ ಮಲಗಿಸಿಡಬೇಕು. ಕೆಳಗೆ ಬಿದ್ದ ಡಿಸ್ಕ್ ಕಸಕ್ಕೆ. ತಟ್ಟಿ ಸದ್ದು ಕೇಳುವ ಪರೀಕ್ಷೆ ಬೆಂಚ್ ಗ್ರೈಂಡರಿನ ಕಲ್ಲಿಗೆ ಸರಿ, ತೆಳ್ಳಗಿನ ರೆಸಿನ್ ಡಿಸ್ಕಿಗೆ ಅದರಿಂದ ಏನೂ ತಿಳಿಯದು.

ಡಿಸ್ಕ್ ಬದಲಿಸುವಾಗ ಪ್ಲಗ್ಗನ್ನೇ ಕಿತ್ತಿಡುತ್ತೇನೆ. ಫ್ಲ್ಯಾಂಜಿನ (ಡಿಸ್ಕ್ ಕೂರುವ ಲೋಹದ ಬಿಲ್ಲೆ) ಮೇಲೆ ಹಳೇ ಪುಡಿ ಅಂಟಿದ್ದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಒರೆಸಿ, ನಟ್ಟನ್ನು ಅದರದೇ ಸ್ಪ್ಯಾನರಿನಲ್ಲಿ ಬಿಗಿಮಾಡಿದರೆ ಸಾಕು, ಸುತ್ತಿಗೆ ಏಟು ಬೇಡ. ಗಾರ್ಡಿನ ಮುಚ್ಚಿದ ಭಾಗ ನನ್ನ ಕಡೆಗಿರಬೇಕು, ಪಕ್ಕದ ಹಿಡಿ ಇರಲೇಬೇಕು. ಹೊಸ ಡಿಸ್ಕನ್ನು ಯಾರ ಕಡೆಗೂ ತಿರುಗಿಸದೆ ಒಂದು ನಿಮಿಷ ಖಾಲಿ ಓಡಿಸುತ್ತೇನೆ. ನಡುಕ ಕಂಡರೆ ಅಲ್ಲಿಗೇ ನಿಲ್ಲಿಸುವುದು. ಸ್ವಿಚ್ ಲಾಕ್ ಆಗುವ ಮೆಷಿನ್ನಾದರೆ ಕರೆಂಟ್ ಹೋದಾಗ ಮರೆಯದೆ ಆಫ್ ಮಾಡಬೇಕು. ಕರೆಂಟ್ ಬಂದೊಡನೆ ನೆಲದ ಮೇಲಿರುವ ಗ್ರೈಂಡರ್ ತಾನಾಗಿ ಓಡಲು ಶುರುಮಾಡುತ್ತದೆ.

ಇನ್ನು ಕತ್ತರಿಸುವ ಕೆಲಸ. ಮೆಷಿನ್ ಹಿಂದಕ್ಕೆ ಒದೆಯುವುದಕ್ಕೆ ದೊಡ್ಡ ಕಾರಣ ಸೀಳು ಮುಚ್ಚಿಕೊಂಡು ಡಿಸ್ಕನ್ನು ಹಿಡಿಯುವುದು. ಒಂದು ಪೈಪನ್ನು ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕತ್ತರಿಸಿ ನೋಡಿ: ಡಿಸ್ಕ್ ಕೆಳಗಿಳಿದಂತೆ ಪೈಪ್ ತನ್ನದೇ ಭಾರಕ್ಕೆ ನಡುವಲ್ಲಿ ಬಗ್ಗುತ್ತದೆ, ಸೀಳಿನ ಮೇಲ್ಭಾಗ ಕೂಡಿಕೊಳ್ಳುತ್ತದೆ, 1 ಮಿ.ಮೀ. ಡಿಸ್ಕ್ ಇಕ್ಕಳಕ್ಕೆ ಸಿಕ್ಕಂತಾಗುತ್ತದೆ. ಅದಕ್ಕೇ ನಾನು ಕತ್ತರಿಸುವ ಗುರುತಿನ ಪಕ್ಕದಲ್ಲೇ ಒಂದು ಕಡೆ ಕ್ಲ್ಯಾಂಪ್ ಹಾಕಿ, ಬೀಳುವ ತುಂಡನ್ನು ಹೊರಚಾಚಿ ಬಿಡುತ್ತೇನೆ. ಅದು ಜೋತಷ್ಟೂ ಸೀಳು ಬಾಯಿ ತೆರೆಯುತ್ತದೆ. ಭಾರದ ದೊಡ್ಡ ಶೀಟಾದರೆ ಸೀಳಿನ ಎರಡೂ ಮಗ್ಗುಲಿಗೆ, ಸೀಳಿನ ಹತ್ತಿರವೇ, ಮತ್ತೆ ಶೀಟಿನ ಅಂಚಿಗೂ ಆಧಾರ ಬೇಕು. ಕಾಲಲ್ಲಿ ತುಳಿದುಕೊಂಡು ಕತ್ತರಿಸುವುದು ಬೇಡವೇ ಬೇಡ.

ಡಿಸ್ಕ್ ಸಿಕ್ಕಿಕೊಂಡರೆ ಓಡುತ್ತಿರುವಾಗ ಎಳೆಯಬಾರದು. ಸ್ವಿಚ್ ಬಿಟ್ಟು, ಪೂರ್ತಿ ನಿಲ್ಲುವವರೆಗೆ ಹಾಗೇ ಹಿಡಿದು, ಆಮೇಲೆ ಬಿಡಿಸಬೇಕು. ಮತ್ತೆ ಶುರುಮಾಡುವಾಗ ಸೀಳಿನ ಹೊರಗೆ ಪೂರ್ತಿ ವೇಗ ಬರಲಿ, ನಂತರ ಮೆಲ್ಲಗೆ ಇಳಿಸುವುದು. ಕಟಿಂಗ್ ಡಿಸ್ಕಿನ ಮಗ್ಗುಲಿಂದ ಉಜ್ಜಿದರೆ ಅದು ಮುರಿಯುತ್ತದೆ. ಬಾಗುವ ಬಲ ತಾಳಲು ಅದನ್ನು ಮಾಡಿಲ್ಲ. ನಿಲ್ಲುವ ಜಾಗವೂ ಮುಖ್ಯ. ಮುಖ, ಕುತ್ತಿಗೆ ಡಿಸ್ಕ್ ಸುತ್ತುವ ನೇರಕ್ಕೆ ಬರಬಾರದು, ಒಂದು ಹೆಜ್ಜೆ ಪಕ್ಕಕ್ಕಿರಬೇಕು.

ಸಡಿಲ ಹತ್ತಿ ಗ್ಲೌಸ್ ಹಾಕುವುದಕ್ಕಿಂತ ಹಾಕದಿರುವುದೇ ಮೇಲು ಅನ್ನುತ್ತೇನೆ. ನೂಲು ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೈಗೆ ಬಿಗಿಯಾಗಿ ಕೂರುವ ಚರ್ಮದ್ದು ಸರಿ. ಕಿವಿಗೆ ಪ್ಲಗ್ ಬೇಕು: 85 ಡೆಸಿಬೆಲ್ಲಿಗೆ 8 ಗಂಟೆ ಎಂಬ ಮಿತಿ, ಪ್ರತಿ 3 ಡೆಸಿಬೆಲ್ಲಿಗೆ ಅರ್ಧವಾಗುತ್ತಾ 100ಕ್ಕೆ ಬರುವಷ್ಟರಲ್ಲಿ 15 ನಿಮಿಷಕ್ಕೆ ಇಳಿಯುತ್ತದೆ. ಕಿಡಿ ಹಾರುವ ಕಡೆ 11 ಮೀಟರ್ ಒಳಗೆ ಬಟ್ಟೆ, ಥಿನ್ನರ್, ಹೊಟ್ಟು ಇರಬಾರದು. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿಡಬೇಕು. ಎಣ್ಣೆ ಅಥವಾ ಪೆಟ್ರೋಲ್ ಇದ್ದ ಡ್ರಮ್ ಎಷ್ಟೇ ಖಾಲಿ ಕಂಡರೂ ಕತ್ತರಿಸುವುದಿಲ್ಲ. ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು.

ಕಣ್ಣಿಗೆ ಪಕ್ಕದ ಮರೆಯಿರುವ ಸೇಫ್ಟಿ ಕನ್ನಡಕ, ಅದರ ಮೇಲೆ ಫೇಸ್ ಶೀಲ್ಡ್. ಶೀಲ್ಡ್ ಒಂದೇ ಸಾಲದು, ಕಿಡಿ ಕೆಳಗಿನಿಂದಲೂ ನುಗ್ಗುತ್ತದೆ. ಬಿಚ್ಚುವ ಕ್ರಮವನ್ನು ಹೇಳಿಕೊಡುವವರು ಕಡಿಮೆ. ಹುಬ್ಬಿನಲ್ಲಿ, ಟೋಪಿಯಲ್ಲಿ, ಕನ್ನಡಕದ ಮೇಲಂಚಿನಲ್ಲಿ ಕಬ್ಬಿಣದ ಪುಡಿ ಕೂತಿರುತ್ತದೆ, ಕನ್ನಡಕ ತೆಗೆದೊಡನೆ ಕಣ್ಣಿಗೆ ಬೀಳುತ್ತದೆ. ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಕೂದಲು ಹುಬ್ಬು ಕೊಡವಿ, ಬಗ್ಗಿದ ಹಾಗೇ ಕನ್ನಡಕ ತೆಗೆಯಬೇಕು.

ಪುಡಿ ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯಿರಿ. ಹೋಗದಿದ್ದರೆ ಕಣ್ಣಿನ ವೈದ್ಯರ ಬಳಿಗೆ; ಕರವಸ್ತ್ರದ ತುದಿಯಲ್ಲಿ ತೆಗೆಯುವ ಸಾಹಸ ಬೇಡ. ಕಪ್ಪು ಗುಡ್ಡೆಯ ಮೇಲೆ ಕೂತ ಕಬ್ಬಿಣ ಸುತ್ತಲೂ ತುಕ್ಕಿನ ಉಂಗುರ ಬಿಡುತ್ತದೆ, ಅದನ್ನೂ ವೈದ್ಯರೇ ಕೆರೆದು ತೆಗೆಯಬೇಕಾಗುತ್ತದೆ. ಚುಚ್ಚಿಕೊಂಡು ನಿಂತಿದ್ದರೆ ಮುಟ್ಟದೆ, ಒತ್ತಡ ಬೀಳದ ಹಾಗೆ ಕಪ್ ಮುಚ್ಚಿ ಕರೆದೊಯ್ಯಬೇಕು. ವೇಗವಾಗಿ ಒಳಹೊಕ್ಕ ಚೂರು ಕೆಲವೊಮ್ಮೆ ನೋವೇ ಕೊಡದು. ಹಾಗಾಗಿ ಗ್ರೈಂಡಿಂಗ್ ಮಾಡುವವರು ಎಂಆರ್‌ಐ ಸ್ಕ್ಯಾನಿಗೆ ಹೋದಾಗ ತಮ್ಮ ಕೆಲಸ ಏನೆಂದು ಮೊದಲೇ ಹೇಳಬೇಕು. ಕಣ್ಣಿನೊಳಗೆ ಉಳಿದ ಕಬ್ಬಿಣವನ್ನು ಆ ಅಯಸ್ಕಾಂತ ಅಲುಗಾಡಿಸಬಲ್ಲದು.